ಸಮಾಧಾನಮ್ಮನ ಮನೆಪಾಠ

ಕೃಪಾಳನ್ನು ಸ್ಕೂಲಿನವರು ಮೊದಲನೇ ಸಲ ಮನೆಗೆ ಕಳಿಸಿದಾಗ ಅವಳ ಸ್ಲೇಟು ಅಲ್ಲೇ ಉಳಿದಿತ್ತು. ಉಳಿದಿದೆ ಅಂದರೆ ನಾಲ್ಕು ದಿನ ಬಿಟ್ಟು ಬಾ ಅಂತ ಅರ್ಥ. ಎರಡನೇ ಸಲ ಸ್ಲೇಟು, ಚೀಲ, ಮಧ್ಯಾಹ್ನದ ಉಪ್ಪಿಟ್ಟಿಗೆ ತಗೊಂಡು ಹೋಗುತ್ತಿದ್ದ ತಟ್ಟೆ, ಮೂರೂ ಮಗುವಿನ ಜೊತೆಗೇ ಬಂದವು. ಬಾಗಿಲಲ್ಲಿ ನಿಂತು ಅದನ್ನು ನೋಡಿದ ಸಮಾಧಾನಮ್ಮನಿಗೆ ಮೇಷ್ಟ್ರು ಬಾಯಿಬಿಟ್ಟು ಹೇಳಬೇಕಾದ್ದು ಏನೂ ಇರಲಿಲ್ಲ.

ಆದರೂ ಮೇಷ್ಟ್ರು ಹೇಳಿದರು. ಕೆಟ್ಟ ಮನುಷ್ಯನಲ್ಲ ಅವರು.

"ಮಗು ಬಿದ್ದು ಒದ್ದಾಡೋದು ನೋಡಿ ಮಿಕ್ಕ ಮಕ್ಕಳು ಹೆದರ್ಕೊಂಡು ಓಡಿದ್ರಮ್ಮ. ಒಬ್ಬಳು ಮೆಟ್ಟಿಲ ಮೇಲಿಂದ ಬಿದ್ದು ತುಟಿ ಸೀಳ್ಕೊಂಡ್ಲು. ಅವರಪ್ಪ ಬಂದು ನನ್ನ ಮೇಲೆ ಕೂಗಾಡ್ತಾನೆ. ನಾನೇನು ಮಾಡ್ಲಿ ಹೇಳು?"

"ಏನೂ ಮಾಡ್ಬೇಡಿ ಸಾರ್," ಅಂದಳು ಸಮಾಧಾನಮ್ಮ. ಮಗಳ ಕೈಯಿಂದ ಚೀಲ ಇಸಕೊಂಡು ಗೂಟಕ್ಕೆ ಹಾಕಿದಳು.

ಇದು ಎಪ್ಪತ್ತೊಂಬತ್ತನೇ ಇಸವಿಯ ಮಾತು. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯ ಲೈನ್ ಮನೆಯಲ್ಲಿ ಅವರ ವಾಸ. ಗಂಡ ದಾನಿಯೇಲಪ್ಪ ಹೆಂಚು ಸುಡುವ ಗೂಡಿಗೆ ಹಸಿ ಹೆಂಚು ಜೋಡಿಸುವವನು. ಸಮಾಧಾನಮ್ಮ ಹುಟ್ಟಿದ್ದು ಮುಳಬಾಗಿಲಿನ ಕಡೆ, ಓದಿದ್ದು ಕೋಲಾರದ ಹೆಣ್ಣುಮಕ್ಕಳ ಮಿಶನ್ ಹಾಸ್ಟೆಲ್ಲಿನಲ್ಲಿ, ಆರನೇ ಕ್ಲಾಸಿನವರೆಗೆ. ಲೈನಿನಲ್ಲಿ ಕ್ರೈಸ್ತರ ಮನೆ ಅಂತ ಇದ್ದದ್ದು ಅದೊಂದೇ. ಅವರಿಗೆ ಇದ್ದದ್ದೂ ಒಂದೇ ಮಗು. ಆರು ವರ್ಷದವಳಿದ್ದಾಗ ಕೃಪಾಗೆ ಬಂದ ವಿಪರೀತ ಜ್ವರ ಇಳಿದು ಹೋಯಿತು, ಮೂರ್ಛೆ ಮಾತ್ರ ಹೋಗದೆ ಉಳಿಯಿತು.

ಸ್ಕೂಲಿಲ್ಲದ ಮಕ್ಕಳಿಗೆ ಆ ಲೈನಿನಲ್ಲಿ ಒಂದೇ ದಾರಿ. ಹತ್ತು ವರ್ಷ ಆಗುತ್ತಿದ್ದ ಹಾಗೆ ತಲೆ ಮೇಲೆ ಹಲಗೆ ಇಟ್ಟುಕೊಂಡು ಹೆಂಚು ಹೊರುವುದು. ಹೊರುವ ದಾರಿ ಗೂಡಿನ ಬಾಯಿ ಮುಂದೆಯೇ ಹೋಗುತ್ತದೆ. ಉರಿಯುವ ಗೂಡಿನ ಮುಂದೆ ಈ ಮಗು ಒಂದು ದಿನ ಬಿತ್ತು ಅಂದರೆ? ಸಮಾಧಾನಮ್ಮ ಅದನ್ನು ಯೋಚನೆ ಮಾಡುತ್ತಿರಲಿಲ್ಲ. ಸಾರಿಗೆ ಹುಳಿ ಹಿಂಡುವಾಗಲೋ ಕಸ ಗುಡಿಸುವಾಗಲೋ ಆ ಯೋಚನೆ ತಾನಾಗಿ ಬಂದು ಎದೆ ಮೇಲೆ ಕೂರುತ್ತಿತ್ತು.

ಮಗಳನ್ನು ಕರಕೊಂಡು ಕೋಲಾರಕ್ಕೆ ಹೋದಳು. ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ದಿನಕ್ಕೆ ಎರಡು ಸಲ ಕೊಡಿ, ಒಂದು ಹೊತ್ತೂ ತಪ್ಪಿಸಬೇಡಿ ಅಂತ ಮಾತ್ರೆ ಕೊಟ್ಟರು. ಅಲ್ಲಿಂದ ಸೀದಾ ತಾನು ಓದಿದ ಹಾಸ್ಟೆಲ್ಲಿಗೇ ನಡೆದಳು. ಅಲ್ಲಿ ಈಗ ಗುಣಮಣಿ ಟೀಚರ್ ದೊಡ್ಡವರಾಗಿದ್ದರು. ಹಾಸ್ಟೆಲ್ಲೂ ಅವರದೇ, ಸ್ಕೂಲೂ ಅವರದೇ ಉಸ್ತುವಾರಿ.

"ಹತ್ತು ದಾಟಿದವರನ್ನ ಹೊಸದಾಗಿ ತಗೊಳಲ್ಲಮ್ಮ," ಅಂದರು ಟೀಚರ್. "ಇವಳಿಗೆ ಒಂಬತ್ತು. ಬರೋ ಜೂನ್‌ಗೆ ಕರ್ಕೊಂಡು ಬಾ. ಎರಡು ಮಾತು. ಅಷ್ಟರಲ್ಲಿ ಓದು ಬರಹ ನಾಲ್ಕನೇ ಕ್ಲಾಸಿಗೆ ಕೂರೋ ಮಟ್ಟಕ್ಕೆ ಬಂದಿರ್ಬೇಕು. ಇನ್ನೊಂದು, ವರ್ಷದೊಳಗೆ ಫಿಟ್ಸ್ ಬಂದಿರಬಾರದು. ಮನೇಲಿ ಓದಿಸೋರು ಯಾರಿದ್ದಾರೆ?"

"ನಾನೇ ಇದ್ದೀನಲ್ಲ ಟೀಚರ್."

ಟೀಚರ್ ಅವಳ ಮುಖ ನೋಡಿದರು. ನೀನಾ ಅಂತ ಕೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವರದು.

ವಾಪಸ್ಸು ಬಂದವಳು ಮಾರನೇ ದಿನದಿಂದಲೇ ಪುಸ್ತಕ ಹೊಂದಿಸುವುದಕ್ಕೆ ಹೊರಟಳು. ಪಕ್ಕದ ಮನೆ ಮುನಿಗಂಗಮ್ಮನ ಮಕ್ಕಳು ಓದಿ ಬಿಸಾಕಿದ್ದ ಎರಡನೇ ಕ್ಲಾಸು, ಮೂರನೇ ಕ್ಲಾಸಿನ ಕನ್ನಡ ಪುಸ್ತಕಗಳು ಸಿಕ್ಕವು. ಒಂದಕ್ಕೆ ರಟ್ಟಿಲ್ಲ, ಇನ್ನೊಂದರ ಮೂಲೆಗಳನ್ನು ಇಲಿ ತಿಂದಿತ್ತು. ಲೆಕ್ಕದ ಪುಸ್ತಕ ಅಟ್ಟದ ಮೇಲೆ ಒಲೆ ಹೊತ್ತಿಸುವ ಕಾಗದದ ಜೊತೆ ಬಿದ್ದಿತ್ತು.

"ತಗೊ ತಲ್ಲೀ, ಉರಿದು ಹೋಗಬೇಕಾದ್ದು ನಿನ್ನ ಕೈಗೆ ಬಂತು," ಅಂದಳು ಮುನಿಗಂಗಮ್ಮ. ಅವಳ ತವರು ಆಂಧ್ರದ ಗಡಿ, ಮಾತಿಗೊಂದು ತೆಲುಗು ಬೆರೆಯುತ್ತಿತ್ತು. "ನನ್ನ ಮಕ್ಕಳು ಇದನ್ನ ಓದೇ ಫೇಲಾಗಿದ್ದು. ನಿನ್ನ ಮಗಳಾದ್ರೂ ಪಾಸಾಗ್ಲಿ."

ಚರ್ಚಿನ ಪಾದ್ರಿ ಅಯ್ಯನವರ ಹೆಂಡತಿ ಸಂಡೇಸ್ಕೂಲಿನ ಪಾಠದ ಹಳೇ ಪುಸ್ತಕಗಳನ್ನೂ ಚಿತ್ರದ ಕಾರ್ಡುಗಳನ್ನೂ ಒಂದು ಕಟ್ಟು ಕೊಟ್ಟರು. ಮನೆಯಲ್ಲಿ ವೇದಪುಸ್ತಕ, ಅಂದರೆ ಬೈಬಲ್ಲು, ಇತ್ತು, ಚರ್ಚಿನಲ್ಲಿ ಹಾಡುವ ಸಂಗೀತದ ಪುಸ್ತಕ ಇತ್ತು. ಸಮಾಧಾನಮ್ಮ ಮೈದಾಹಿಟ್ಟಿನ ಅಂಟು ಕಾಯಿಸಿ ಎಲ್ಲಕ್ಕೂ ಸಿಮೆಂಟಿನ ಚೀಲದ ಕಾಗದದಿಂದ ರಟ್ಟು ಹಾಕಿದಳು. ಆಮೇಲೆ ಕಾರ್ಖಾನೆ ಸಾಹುಕಾರರು ಕೊಟ್ಟಿದ್ದ ಲಕ್ಷ್ಮಿ ಪಟದ ಕ್ಯಾಲೆಂಡರನ್ನು ಬೋರಲು ಹಾಕಿ, ಬಿಳೀ ಬೆನ್ನಿನ ಮೇಲೆ ವರ್ಷದ ಪಾಠ ಬರೆಯುವುದಕ್ಕೆ ಕೂತಳು.

ದಾನಿಯೇಲಪ್ಪ ಮೈಮೇಲಿನ ಬೂದಿ ತೊಳಕೊಂಡು ಬಂದು ಇಣುಕಿ ನೋಡಿದ. "ಏನೇ, ಅವರ ದೇವರ ಬೆನ್ನ ಮೇಲೆ ನಮ್ಮ ದೇವರ ಪಾಠನಾ?"

"ಕಾಗದಕ್ಕೆ ಯಾವ ಜಾತಿರೀ? ಸುಮ್ನಿರಿ, ತಪ್ಪಿಸ್ಬೇಡಿ."

ಸ್ಕೂಲಿನವರು ವರ್ಷವನ್ನು ಜೂನ್, ಜುಲೈ ಅಂತ ಭಾಗ ಮಾಡುತ್ತಾರೆ. ಸಮಾಧಾನಮ್ಮನಿಗೆ ವರ್ಷ ಅಂದರೆ ಗೊತ್ತಿದ್ದದ್ದು ಚರ್ಚಿನ ವರ್ಷ. ಹಾಗಾಗಿ ಈಗಿನಿಂದ ನವೆಂಬರಿನ ಸುಗ್ಗಿ ಆರಾಧನೆಯವರೆಗೆ ಸೃಷ್ಟಿಯ ಕಥೆ, ಅದರ ಜೊತೆಗೇ ವಿಜ್ಞಾನ. ಬೆಳಕಿನ ದಿನ ಸೂರ್ಯನ ಪಾಠ, ನೀರಿನ ದಿನ ಮೋಡ ಮಳೆ ಹೊಳೆಯ ಪಾಠ, ಗಿಡಮರದ ದಿನ ಹಿತ್ತಲಿನ ನುಗ್ಗೆ ಗಿಡ. ಸುಗ್ಗಿಯಿಂದ ಕ್ರಿಸ್‌ಮಸ್ಸಿನವರೆಗೆ ಲೆಕ್ಕ, ಹನ್ನೆರಡರ ಮಗ್ಗಿಗೆ ಹನ್ನೆರಡು ಶಿಷ್ಯರು, ಭಾಗಾಕಾರಕ್ಕೆ ರೊಟ್ಟಿ ಹಂಚಿದ ಕಥೆ. ಹೊಸ ವರ್ಷದಿಂದ ಊರು, ಬೆಟ್ಟ, ದೇಶ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಬಂದಾಗ ಓದಿದ್ದೆಲ್ಲ ತಿರುವಿ ಹಾಕುವುದು. ಈಸ್ಟರ್ ಕಳೆದರೆ ಕೋಲಾರ. ಓದುವುದಂತೂ ದಿನಾ ಇದ್ದೇ ಇತ್ತು, ಬೆಳಿಗ್ಗೆ ಪ್ರಾರ್ಥನೆಗೊಂದು ಭಾಗ, ಸಂಜೆಗೊಂದು ಭಾಗ.

ಇಷ್ಟು ಬರೆದು ಗೋಡೆಗೆ ಅಂಟಿಸಿದಾಗ ಅವಳಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಪಾಠ ನಡೆಯುವಾಗ ಮುನಿಗಂಗಮ್ಮ ಮೊರ ಹಿಡಿದು ಹೊಸ್ತಿಲ ಹೊರಗೆ ಕೂರುತ್ತಿದ್ದಳು, ರಾಗಿ ಕೇರುತ್ತಾ ಕೇಳುವುದಕ್ಕೆ.

"ಯೊರ್ದನ್ ಹೊಳೆ ಎಲ್ಲಿಂದ ಎಲ್ಲಿಗೆ ಹರಿಯುತ್ತೆ ಹೇಳು," ಅನ್ನುವಳು ಸಮಾಧಾನಮ್ಮ. ಕೃಪಾ ಪಟಪಟ ಹೇಳುವಳು.

"ಅದ್ಯಾವ ಊರಮ್ಮಾ ಆ ಹೊಳೆ? ಕೆ.ಜಿ.ಎಫ್ ಕಡೇದಾ?"

"ಅಲ್ಲ ಕಣಕ್ಕ, ಬೇರೆ ದೇಶದ್ದು, ವೇದಪುಸ್ತಕದಲ್ಲಿ ಬರೋದು."

"ಏಮಮ್ಮಾ ಇದು! ಪಾಲಾರ್ ಹೊಳೆ ನಮ್ಮ ಕೋಲಾರದ ಮೇಲೇ ಹರಿಯುತ್ತೆ, ಅದನ್ನ ಬಿಟ್ಟು ಕಾಣದ ದೇಶದ ಹೊಳೇಲಿ ಈಜು ಹೊಡೀತಾ ಇದ್ದೀರಲ್ಲ ತಾಯಿ ಮಗಳು. ಇನ್‌ಸ್ಪೆಕ್ಟರು ಕೇಳಿದ್ರೆ ಪಾಲಾರ್ ಕೇಳ್ತಾನೆ."

ಸಮಾಧಾನಮ್ಮ ನಕ್ಕಳು. ಆ ದಿನವೇ ಗೋಡೆಯ ಕಾಗದದಲ್ಲಿ ಪಾಲಾರ್ ಅಂತ ಸೇರಿಸಿದಳು.

ಓದಿಸುವ ರೀತಿಯನ್ನು ಮಾತ್ರ ಅವಳು ಯಾರನ್ನೂ ಕೇಳಲಿಲ್ಲ. ಅದು ಅವಳಿಗೆ ಗೊತ್ತೇ ಇತ್ತು. ಸಂಡೇಸ್ಕೂಲಿನಲ್ಲಿ ತಾನು ಕಲಿತದ್ದು ಹಾಗೇ. ಟೀಚರ್ ಒಂದು ವಾಕ್ಯ ಹೇಳಬೇಕು, ಮಕ್ಕಳು ಅದನ್ನೇ ತಿರುಗಿ ಹೇಳಬೇಕು, ಇಡೀ ಭಾಗ ಬಾಯಿಗೆ ಬಂದ ಮೇಲೆ ಪುಸ್ತಕ ಹಿಡಿದು ಎದ್ದು ನಿಂತು ಓದಬೇಕು. ಸಮಾಧಾನಮ್ಮ ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದುತ್ತಿದ್ದಳು, ಕೃಪಾ ತಾನೂ ಬೆರಳಾಡಿಸುತ್ತಾ ಓದುತ್ತಿದ್ದಳು. ಒಂದಕ್ಷರ ತಪ್ಪುತ್ತಿರಲಿಲ್ಲ. ಕನ್ನಡ ಪುಸ್ತಕದ ಪದ್ಯ, ನರಿಯ ಪಾಠ, ರೈಲಿನ ಪಾಠ, ಎಲ್ಲ ಸರಾಗ. ಸ್ಕೂಲಿನಲ್ಲಿ ಎರಡು ವರ್ಷ ಕೂತೂ ಬಾರದ್ದು ಮನೆಯಲ್ಲಿ ನಾಲ್ಕು ತಿಂಗಳಿಗೆ ಬಂತಲ್ಲ ಅಂತ ಸಮಾಧಾನಮ್ಮ ಕಣ್ಣು ಮುಚ್ಚಿ ಸ್ತೋತ್ರ ಹೇಳಿದಳು. ಸ್ಲೇಟಿನ ಮೇಲೆ ಬರೆಯುವಾಗ ಮಗು ತೂಕಡಿಸುತ್ತಿತ್ತು. ಮಾತ್ರೆ ತಿಂದ ಮಗು, ತೂಕಡಿಸಲಿ ಬಿಡು, ಬರಹ ಕ್ರಿಸ್‌ಮಸ್ ಕಳೆದ ಮೇಲೆ ಅಂತ ಮುಂದಕ್ಕೆ ಹಾಕಿದಳು. ಮೂರ್ಛೆಯೂ ಹತ್ತಿರ ಸುಳಿದಿರಲಿಲ್ಲ.

ಸುಗ್ಗಿ ಆರಾಧನೆಯ ದಿನ ಚರ್ಚಿನ ಸಭೆಯವರು ರಾಗಿ, ಕುಂಬಳಕಾಯಿ, ಕೋಳಿ, ಮೊಟ್ಟೆ ತಂದು ಮುಂದೆ ರಾಶಿ ಹಾಕಿದ್ದರು. ಅವನ್ನು ಹರಾಜು ಹಾಕುವುದಕ್ಕೆ ಮುಂಚೆ ಅಯ್ಯನವರು ಕೃಪಾಳನ್ನು ಕರೆದು ವೇದಪುಸ್ತಕದಿಂದ ಒಂದು ಕೀರ್ತನೆ ಓದು ಮಗಳೇ ಅಂದರು. ಅವಳು ದೊಡ್ಡ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲೂ ತಡವರಿಸದೆ ಕೊನೆಯವರೆಗೂ ಓದಿದಳು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಸಮಾಧಾನಮ್ಮ, ನಿನ್ನ ಮನೇನೇ ಸ್ಕೂಲಾಯ್ತಲ್ಲಮ್ಮ," ಅಂದರು ಅಯ್ಯನವರು. ಮನೆಗೆ ಬರುವಾಗ ದಾನಿಯೇಲಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ, ಒಂಬತ್ತು ವರ್ಷದ ಹುಡುಗಿಯನ್ನು!

ಅದಾಗಿ ಹತ್ತು ದಿನವೋ ಹದಿನೈದು ದಿನವೋ, ಜಡಿಮಳೆ ಹಿಡಿಯಿತು. ಹೆಂಚು ಒಣಗದೆ ಕೆಲಸ ನಿಂತಿತ್ತು. ಸೂರಿನ ನೀರು ಗೋಡೆಗುಂಟ ಇಳಿದು ಗೋಡೆಯ ಹಲಗೆ ಮೇಲಿಟ್ಟಿದ್ದ ಪುಸ್ತಕಗಳೆಲ್ಲ ಒದ್ದೆ. ಮಧ್ಯಾಹ್ನ ಸಮಾಧಾನಮ್ಮ ಅವನ್ನು ಒಲೆ ಪಕ್ಕ ಹರವಿ ಒಣಗಿಸಿ, "ಎಲ್ಲಿ, ರೈಲಿನ ಪಾಠ ಓದು, ಕೇಳ್ತಾ ರೊಟ್ಟಿ ತಟ್ತೀನಿ," ಅಂದಳು.

ಕೃಪಾ ಓದಿದಳು. ರೈಲು ಸ್ಟೇಷನ್ನಿಗೆ ಬಂತು, ಅಜ್ಜಿ ಹತ್ತಿದಳು, ಅಜ್ಜಿಯ ಬುಟ್ಟಿ ಕೆಳಗೆ ಬಿತ್ತು, ಬುಟ್ಟಿಯೊಳಗಿನ ಮಾವಿನಹಣ್ಣು ಉರುಳಿದವು, ಎಲ್ಲರೂ ಸೇರಿ ಆರಿಸಿಕೊಟ್ಟರು. ಸಮಾಧಾನಮ್ಮ ರೊಟ್ಟಿ ತಿರುವಿ ಹಾಕಿ ಅತ್ತ ನೋಡಿದಳು. ಒದ್ದೆಗೆ ಮೈದಾ ಅಂಟು ಹರಡಿ ಎರಡು ಹಾಳೆ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬುಟ್ಟಿ ಬೀಳುವುದೂ ಹಣ್ಣು ಉರುಳುವುದೂ ಆ ಎರಡು ಹಾಳೆಯ ನಡುವೆ ಮುಚ್ಚಿ ಹೋಗಿತ್ತು. ಕೃಪಾಳ ಕಣ್ಣಿಗೆ ಕಾಣುತ್ತಿದ್ದ ಪುಟದಲ್ಲಿ ಇದ್ದದ್ದು ಮುಂದಿನ ಪಾಠ, ಬಾವುಟದ್ದು. ಮಗುವಿನ ಬೆರಳು ಬಾವುಟದ ಸಾಲಿನ ಕೆಳಗೆ ಸರಿಯುತ್ತಿತ್ತು, ಬಾಯಿಂದ ಮಾವಿನಹಣ್ಣು ಬರುತ್ತಿತ್ತು.

ರೊಟ್ಟಿ ಸೀಯಿತು. ಸಮಾಧಾನಮ್ಮ ಎದ್ದು ಬಂದು ಪಕ್ಕದಲ್ಲಿ ಕೂತಳು. ಒಂದು ಅಕ್ಷರದ ಮೇಲೆ ಬೆರಳಿಟ್ಟಳು. "ಇದೇನು ಪುಟ್ಟಿ?"

ಕೃಪಾ ಚಿತ್ರ ನೋಡಿದಳು. "ಬಾವುಟ?"

"ಚಿತ್ರ ಅಲ್ಲ. ಇದು, ಇದೊಂದೇ."

ಮಗು ತಾಯಿಯ ಮುಖ ನೋಡಿತು. ಇನ್ನೊಂದು ಅಕ್ಷರ, ಮತ್ತೊಂದು. ಅ ಬಂತು, ರ ಬಂತು, ತನ್ನ ಹೆಸರಿನ ಕೃ ಬಂತು, ಮುಂದಿನದೆಲ್ಲ ಕತ್ತಲೆ.

"ಅಮ್ಮ, ನೀನು ಹೇಳಿದ್ನ ನಾನು ಹಾಗ್ಹಾಗೇ ಹೇಳಿದ್ನಲ್ಲ," ಅಂದಳು ಕೃಪಾ, ಅಳುಮುಖ ಮಾಡಿಕೊಂಡು. "ಓದೋದು ಅಂದ್ರೆ ಅದೇ ಅಲ್ವಾ?"

ಸಮಾಧಾನಮ್ಮ ಪುಸ್ತಕ ಮುಚ್ಚಿದಳು. ಯಾರನ್ನು ಬೈಯುವುದು? ಮಗು ಮೋಸ ಮಾಡಿರಲಿಲ್ಲ. ಹೇಳಿಕೊಟ್ಟ ಹಾಗೆ ಕಲಿತಿತ್ತು. ಗೋಡೆ ಮೇಲಿನ ಕಾಗದದಲ್ಲಿ ಸೃಷ್ಟಿ ಇತ್ತು, ಶಿಷ್ಯರಿದ್ದರು, ಪಾಲಾರ್ ಸಹ ಇತ್ತು, ಅಕ್ಷರ ಅನ್ನುವ ಮಾತು ಎಲ್ಲೂ ಇರಲಿಲ್ಲ. ಅರ್ಧ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಕಳೆದು ಹೋಗಿತ್ತು. ಅವಳು ಎದ್ದು ಕಾಗದವನ್ನು ಗೋಡೆಯಿಂದ ಕಿತ್ತು ಒಲೆಗೆ ಹಾಕಿದಳು.

"ಬಿಟ್ಬಿಡೇ," ಅಂದ ದಾನಿಯೇಲಪ್ಪ ಆ ಸಂಜೆ. "ಶ್ರೀನಿವಾಸಪುರದ ಅಕ್ಕ ಕೇಳ್ತಾನೇ ಇದ್ದಾಳೆ, ಮಗೂನ ಕಳಿಸು, ಮಾವಿನ ತೋಪು ಕಾಯ್ಕೊಂಡು ಇರ್ಲಿ ಅಂತ. ಅಲ್ಲಿ ಬೆಂಕಿ ಇಲ್ಲ."

"ತೋಪಿನಲ್ಲಿ ಒಬ್ಬಳೇ ಬಿದ್ರೆ ಯಾರು ಎತ್ತುತ್ತಾರೆ?"

"ಇಲ್ಲಿ ಮಾತ್ರ ಯಾರಿದ್ದಾರೆ? ನೀನಿದ್ದೀಯ. ಎಷ್ಟು ದಿನ ಇರ್ತೀಯ?"

ಆ ಪ್ರಶ್ನೆಗಾಗಿಯೇ ತಾನೆ ಅವಳು ಹಾಸ್ಟೆಲ್ಲು, ಓದು ಅಂತ ಒದ್ದಾಡುತ್ತಿದ್ದದ್ದು.

ಮಾರನೇ ದಿನದಿಂದ ಹೊಸ ಪಾಠ. ಈ ಸಲ ಯಾವ ಹಬ್ಬವೂ ಇಲ್ಲ, ಕಥೆಯೂ ಇಲ್ಲ. ಮಾತಾಡದೆ ಅಕ್ಷರ ತೋರಿಸುವುದು, ಮಗುವೇ ಹೇಳಬೇಕು. ಒಂದು ಸಲ ಕಿವಿಗೆ ಬಿದ್ದ ಪಾಠವನ್ನು ಮತ್ತೆ ಮುಟ್ಟುವಂತಿಲ್ಲ, ಯಾಕೆಂದರೆ ಅದು ಆಗಲೇ ಬಾಯಲ್ಲಿ ಕೂತುಬಿಟ್ಟಿರುತ್ತಿತ್ತು. ಹೊಸದು ಬೇಕು. ಸಮಾಧಾನಮ್ಮ ಅಂಗಡಿಯಿಂದ ಬೇಳೆ, ಬೆಲ್ಲ ಕಟ್ಟಿ ಬಂದ ಪೇಪರಿನ ಚೂರುಗಳನ್ನು ಜೋಪಾನ ಮಾಡಿದಳು. ಹೆಂಚಿಗೆ ಕಲಸಿದ ಜೇಡಿಮಣ್ಣು ತಂದು ಅಕ್ಷರ ತಿದ್ದಿಸಲು ನೋಡಿದಳು. ಕೃಪಾ ಅದರಲ್ಲಿ ಕೋಳಿ ಮಾಡಿ, ಕೋಳಿಗೊಂದು ಮೊಟ್ಟೆ ಮಾಡಿ, ಹಾಗೇ ಅದರ ಮೇಲೆ ತಲೆ ಇಟ್ಟು ಮಲಗಿಬಿಟ್ಟಳು.

ಆ ತೂಕಡಿಕೆ. ಬೆಳಿಗ್ಗೆ ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೂ ಮಗುವಿನ ಕಣ್ಣಲ್ಲಿ ಬೆಳಕೇ ಇರುತ್ತಿರಲಿಲ್ಲ. ನಿನ್ನೆ ಕಲಿತ ಅಕ್ಷರ ಇವತ್ತಿಗೆ ಅಳಿಸಿ ಹೋಗಿರುತ್ತಿತ್ತು. ಹಿಂದೆ ಇದೇ ಮಂಪರಿನಲ್ಲೇ ಕಿವಿಗೆ ಬಿದ್ದದ್ದೆಲ್ಲ ನಿಲ್ಲುತ್ತಿತ್ತು, ಕಣ್ಣಿಗೆ ಬಿದ್ದದ್ದು ಮಾತ್ರ ನಿಲ್ಲಲೊಲ್ಲದು. ಕ್ರಿಸ್‌ಮಸ್ ಬಂತು, ಹೋಯಿತು. ಮಗು ಇನ್ನೂ ಒತ್ತಕ್ಷರಕ್ಕೇ ಬಂದಿರಲಿಲ್ಲ. ಒಂದು ದಿನ ಸಮಾಧಾನಮ್ಮ ಮಗಳ ರಟ್ಟೆ ಹಿಡಿದು ಅಲ್ಲಾಡಿಸಿದಳು, ಕೆನ್ನೆಗೆ ನೀರು ಚಿಮುಕಿಸಿದಳು, ಆಮೇಲೆ ಹೊಡೆದೂಬಿಟ್ಟಳು. ಮಗು ಅಳಲೂ ಇಲ್ಲ. ನಿದ್ದೆಗಣ್ಣಿನಲ್ಲೇ ಕೆನ್ನೆ ಸವರಿಕೊಂಡು, "ಹೇಳ್ತೀನಮ್ಮ, ಇರು, ಹೇಳ್ತೀನಿ," ಅಂದಿತು.

ಆ ವಾರವೇ ಅವಳು ಬೆಳಗಿನ ಮಾತ್ರೆಯನ್ನು ಅರ್ಧ ಮುರಿದಳು. ಗಂಡನಿಗೆ ಹೇಳಲಿಲ್ಲ. ತಿಂಗಳುಗಟ್ಟಲೆ ಬಾರದ ಮೂರ್ಛೆ ಇನ್ನು ಯಾಕೆ ಬರುತ್ತದೆ, ರೋಗ ಇಳಿದಿದೆ, ಅರ್ಧ ಸಾಕು ಅಂತ ತನಗೆ ತಾನೇ ಹೇಳಿಕೊಂಡಳು. ಪ್ರಾರ್ಥನೆಯಲ್ಲೂ ಅದನ್ನೇ ಹೇಳಿದಳು, ಅಪ್ಪಣೆ ಕೇಳುವ ಹಾಗಲ್ಲ, ತಿಳಿಸುವ ಹಾಗೆ.

ಮಗು ಎದ್ದಿತು! ಮಂಜು ಸರಿದ ಹಾಗೆ. ಬೇಳೆ ಕಟ್ಟಿದ ಪೇಪರಿನಲ್ಲಿ ತಾನಾಗಿ ಅಕ್ಷರ ಹುಡುಕಿತು, ಗುಣಿತಾಕ್ಷರ ಹಿಡಿಯಿತು, ಒತ್ತು ಹಿಡಿಯಿತು, ಅವನ್ನೇ ಸ್ಲೇಟಿನ ಮೇಲೆ ಬರೆಯಿತು, ಮುನಿಗಂಗಮ್ಮನ ಬೆಂಕಿಪೊಟ್ಟಣ, ಸೋಪಿನ ಕಾಗದ, ಕಂಡದ್ದನ್ನೆಲ್ಲ ಕೂಡಿಸಿ ಕೂಡಿಸಿ ಓದುವುದಕ್ಕೆ ಹತ್ತಿತು. ಉಪವಾಸದ ದಿನಗಳು ಮುಗಿಯುವುದರೊಳಗೆ ಎರಡನೇ ಕ್ಲಾಸಿನ ಪುಸ್ತಕದಲ್ಲಿ ಕಿವಿಗೆ ಬೀಳದೆ ಉಳಿದಿದ್ದ ಒಂದು ಪಾಠವನ್ನು ತಡೆದು ತಡೆದು ಮುಗಿಸಿತು.

ಈಸ್ಟರಿಗೆ ನಾಲ್ಕು ದಿನ ಇತ್ತು. ಹಿತ್ತಲಲ್ಲಿ ಸಮಾಧಾನಮ್ಮ ಬಟ್ಟೆ ಒಗೆಯುತ್ತಿದ್ದಳು, ಮಗಳು ಕಟ್ಟೆ ಮೇಲೆ ಕೂತು ಓದುತ್ತಿದ್ದಳು. ಓದುವ ದನಿ ನಡುವೆ ನಿಂತಿತು. ಯಾವುದೋ ಒತ್ತಕ್ಷರ ಕಷ್ಟವಾಯಿತೇನೋ ಅಂತ ಸಮಾಧಾನಮ್ಮ ತಿರುಗದೆಯೇ, "ಬಿಡಿಸಿ ಹೇಳು," ಅಂದಳು. ತಿರುಗಿದಾಗ ಮಗು ಕಟ್ಟೆಯ ಕೆಳಗಿತ್ತು.

ಮುನಿಗಂಗಮ್ಮ ಓಡಿ ಬಂದಳು. "ಕೈಗೆ ಕಬ್ಬಿಣ ಕೊಡೇ! ಬೀಗದ ಕೈ ಎಲ್ಲಿ?" ಅಂತ ಕೂಗುತ್ತಾ ತನ್ನ ಸೊಂಟದಿಂದ ಕಿತ್ತು ಮಗುವಿನ ಮುಷ್ಟಿಗೆ ತುರುಕಿದಳು. ಸಮಾಧಾನಮ್ಮ ಡಾಕ್ಟರಮ್ಮ ಹೇಳಿಕೊಟ್ಟಿದ್ದ ಹಾಗೆ ಮಗ್ಗುಲಾಗಿ ತಿರುಗಿಸಿ ತಲೆ ಹಿಡಿದುಕೊಂಡು ಕೂತಳು. ಅದು ನಿಂತಿತು. ಇನ್ನೊಂದು ಬಂತು. ಅದೂ ನಿಂತಿತು. ಮಗುವಿನ ಹಣೆಯಿಂದ ರಕ್ತ ಇಳಿದು ಸೋಪಿನ ನೀರಿಗೆ ಸೇರುತ್ತಿತ್ತು.

"ನಾನೇ ಕಣಕ್ಕ," ಅಂದಳು ಸಮಾಧಾನಮ್ಮ. "ನಾನೇ ಮಾತ್ರೆ ಮುರಿದು ಕೊಟ್ಟೆ."

ಮುನಿಗಂಗಮ್ಮ ಸೆರಗಿನಿಂದ ಮಗುವಿನ ಹಣೆ ಒತ್ತಿ ಹಿಡಿದಳು. "ಪಾಪಂ," ಅಂದಳು ಆಮೇಲೆ. ಅದು ಮಗುವಿಗೋ ತಾಯಿಗೋ ಗೊತ್ತಾಗಲಿಲ್ಲ.

ದಾನಿಯೇಲಪ್ಪ ಕೇಳಿದ ಮೇಲೆ ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಎರಡು ದಿನ ಹೆಂಡತಿ ಬಡಿಸಿದ್ದನ್ನು ಉಣ್ಣಲಿಲ್ಲ, ಅಷ್ಟೆ. ಮಗುವಿಗೆ ಮತ್ತೆ ಇಡೀ ಮಾತ್ರೆ ಶುರುವಾಯಿತು, ಮತ್ತೆ ಅದೇ ತೂಕಡಿಕೆ. ಮೂರನೇ ದಿನ ಅವನು ಬಾಯಿಬಿಟ್ಟ. "ಕೋಲಾರದಲ್ಲಿ ಇದನ್ನ ಹೇಳ್ಬೇಡ. ಯಾರು ನೋಡಿದ್ದಾರೆ? ನೀನು, ಮುನಿಗಂಗಮ್ಮ. ಅವಳು ಹೇಳೋಳಲ್ಲ."

"ಕೇಳಿದ್ರೆ?"

"ಕೇಳಿದ್ರೆ ಇಲ್ಲ ಅನ್ನು. ದೇವರು ಕ್ಷಮಿಸ್ತಾನೆ. ಗೂಡಿನ ಬೆಂಕಿ ಕ್ಷಮಿಸಲ್ಲ."

ಜೂನ್ ಬಂತು. ಗೂಡು ಹೊತ್ತಿಸಿದ್ದರಿಂದ ದಾನಿಯೇಲಪ್ಪ ಬರುವ ಹಾಗಿರಲಿಲ್ಲ. ತಾಯಿ ಮಗಳು ಬಸ್ಸಿನಲ್ಲಿ ಹೋದರು. ದಾರಿಯುದ್ದಕ್ಕೂ ಸಮಾಧಾನಮ್ಮ ಇಲ್ಲ ಅನ್ನುವುದನ್ನು ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡಳು. ಇಲ್ಲ ಟೀಚರ್. ಬಂದಿಲ್ಲ ಟೀಚರ್. ಮಗು ತೊಡೆ ಮೇಲೆ ನಿದ್ದೆ ಹೋಗಿತ್ತು, ಹಣೆಯ ಗಾಯದ ಕಲೆ ಕಾಣದ ಹಾಗೆ ಕೂದಲು ಇಳಿಬಿಟ್ಟು ಬಾಚಿತ್ತು.

ಗುಣಮಣಿ ಟೀಚರ್ ಕೃಪಾಳನ್ನು ಎದುರಿಗೆ ನಿಲ್ಲಿಸಿಕೊಂಡರು. ಮೇಜಿನ ಮೇಲಿದ್ದ ವೇದಪುಸ್ತಕ ತೆಗೆದು ಒಂದು ಕೀರ್ತನೆ ತೋರಿಸಿದರು. ಸುಗ್ಗಿ ಹಬ್ಬದಲ್ಲಿ ಇಡೀ ಸಭೆಯನ್ನು ಅಳಿಸಿದ ಅದೇ ಕೀರ್ತನೆ. ಸಮಾಧಾನಮ್ಮ ಮಗಳನ್ನೇ ನೋಡುತ್ತಾ ಮನಸ್ಸಿನಲ್ಲೇ ಬೇಡಿಕೊಂಡಳು. ಓದು ಮಗಳೇ. ಇದೊಂದು ಓದಿಬಿಡು.

ಕೃಪಾ ಮೊದಲ ಸಾಲಿನ ಮೇಲೆ ಬೆರಳಿಟ್ಟಳು, ಎತ್ತಿದಳು. "ಇದು ನಂಗೆ ಬಾಯಿಪಾಠ ಟೀಚರ್. ನೋಡ್ದೇ ಬರುತ್ತೆ. ಬೇರೆ ಕೊಡಿ, ಓದ್ತೀನಿ."

ಟೀಚರ್ ಕನ್ನಡಕ ತೆಗೆದು ಅವಳನ್ನು ನೋಡಿದರು. ಆಮೇಲೆ ಕಪಾಟಿನಿಂದ ಮೂರನೇ ಕ್ಲಾಸಿನ ಹೊಸ ಪುಸ್ತಕ ತೆಗೆದು ನಡುವೆ ಎಲ್ಲೋ ಬಿಚ್ಚಿಕೊಟ್ಟರು. ಕೃಪಾ ಓದಿದಳು. ಎತ್ತು ಬೆಟ್ಟ ಹತ್ತಿದ ಹಾಗೆ ಓದಿದಳು. ಒಂದೊಂದು ಒತ್ತಿಗೂ ನಿಂತು, ಬಿಡಿಸಿ, ತಪ್ಪಿ, ತಿದ್ದಿ, ಒಂದು ಪುಟ ಮುಗಿಸುವಷ್ಟರಲ್ಲಿ ಮೂಗಿನ ಮೇಲೆಲ್ಲ ಬೆವರು. ಆದರೆ ಬೆರಳಿದ್ದ ಕಡೆಯೇ ಮಾತಿತ್ತು.

"ನಾಲ್ಕಕ್ಕಾಗಲ್ಲ," ಅಂದರು ಟೀಚರ್. "ಮೂರಕ್ಕೆ ಕೂರಿಸ್ತೀನಿ. ಇಂಥಾ ಹುಡುಗಿ ಬೇಕು ನಮಗೆ. ಫಿಟ್ಸಿಂದು ಹೇಗಿದೆ?"

"ಇಲ್ಲ ಟೀಚರ್," ಅಂದಳು ಸಮಾಧಾನಮ್ಮ. ರೂಢಿ ಮಾಡಿಕೊಂಡದ್ದು ಸರಾಗವಾಗಿ ಬಂತು. "ಬಂದಿಲ್ಲ."

ಅಲ್ಲಿಗೆ ಮುಗಿದಿತ್ತು. ವರ್ಷದ ಕಷ್ಟವೆಲ್ಲ ಕೈಗೆ ಬಂದಿತ್ತು. ಟೀಚರ್ ಎದ್ದು ಕಿಟಕಿ ತೆಗೆದು ತಾವೇ ಕೃಪಾಳಿಗೆ ಹಾಸ್ಟೆಲ್ಲು ತೋರಿಸಿದರು. "ಅದು ಮಲಗೋ ಹಾಲು. ಅದು ಊಟದ ಮನೆ. ಬೆಳಿಗ್ಗೆ ಎದ್ದು ನಿನ್ನ ನೀರು ನೀನೇ ಸೇದ್ಕೊಬೇಕು ಮರೀ, ಇಲ್ಲಿ ಯಾರೂ ಸೇದಿಕೊಡಲ್ಲ. ಸರದಿ ಇದೆ."

ಕಿಟಕಿಯಾಚೆ ಬಾವಿ. ರಾಟೆ ಕಿರಗುಟ್ಟುತ್ತಿತ್ತು. ಕೃಪಾಳಷ್ಟೇ ಎತ್ತರದ ಒಬ್ಬ ಹುಡುಗಿ ಕಟ್ಟೆಗೆ ಹೊಟ್ಟೆ ಆನಿಸಿ, ಬಗ್ಗಿ, ತುಂಬಿದ ಕೊಡವನ್ನು ಕೈಚಾಚಿ ಎಳೆದುಕೊಳ್ಳುತ್ತಿದ್ದಳು. ತಾನೂ ಅದೇ ಬಾವಿಯಲ್ಲಿ ಹಾಗೇ ಸೇದಿದವಳು ಸಮಾಧಾನಮ್ಮ. ಅವಳಿಗೆ ಬಾವಿಯ ಆಳ ಗೊತ್ತಿತ್ತು.

ಗೂಡಿನಿಂದ ಬಿಡಿಸಿ ತಂದದ್ದು ಇಲ್ಲಿಗಾ?

"ಟೀಚರ್," ಅಂದಳು. ದನಿ ಅವಳದೇ ಅನ್ನಿಸಲಿಲ್ಲ. "ಬಂದಿತ್ತು. ಈಸ್ಟರಿಗೆ ಮುಂಚೆ, ಒಂದೇ ದಿನ ಎರಡು ಸಲ. ಅವಳ ತಪ್ಪಲ್ಲ. ನಿದ್ದೆ ಬಿಡ್ಲಿ ಅಂತ ನಾನು ಮಾತ್ರೆ ಅರ್ಧ ಮಾಡಿದ್ದೆ. ಈಗ ಪೂರ್ತಿ ಕೊಡ್ತಾ ಇದ್ದೀನಿ. ತಗೊಳ್ಳಿ ಟೀಚರ್, ಬಾವೀಗೊಂದು ಬಿಡ್ಬೇಡಿ, ಮಿಕ್ಕ ಕೆಲಸ ಏನಾದ್ರೂ ಹೇಳಿ. ಅವಳ ಪಾಲಿನ ನೀರು ನಾನೇ ಬಂದು ಸೇದ್ತೀನಿ."

"ಮಾಲೂರಿಂದಲಾ?"

ಗುಣಮಣಿ ಟೀಚರ್ ತುಂಬಾ ಹೊತ್ತು ಕೈಯಲ್ಲಿದ್ದ ಕನ್ನಡಕ ಒರೆಸಿದರು. "ಇಷ್ಟು ಹುಡುಗೀರಿಗೆ ವಾರ್ಡನ್ ಒಬ್ಬಳೇ ಕಣಮ್ಮ. ಏನಾದ್ರೂ ಆದ್ರೆ ನಿಂಗೆ ನಾನು ಯಾವ ಮುಖ ತೋರಿಸ್ಲಿ? ಬೇಡ. ಕೇಳ್ಬೇಡ ನನ್ನ." ಅವರ ಕಣ್ಣು ಕೆಂಪಗಿತ್ತು. ಆದರೆ ಮಾತು ಬದಲಾಗಲಿಲ್ಲ.

ಸಮಾಧಾನಮ್ಮ ಕೈ ಮುಗಿದಳು. ಎದ್ದಳು. ಮತ್ತೆ ಕೂತಳು, ಕುರ್ಚಿಯಲ್ಲಲ್ಲ, ನೆಲದ ಮೇಲೆ. ಬರುವ ವರ್ಷ ಹತ್ತು ದಾಟುತ್ತದೆ. ಇನ್ನು ಇಲ್ಲಿಗೆ ಬರುವ ಹಾಗಿಲ್ಲ. ಮನೆ, ಗೂಡು, ತೋಪು. ಕೈಗೆ ಬಂದ ತುತ್ತನ್ನು ತಾನೇ ತಟ್ಟಿ ಬಿಸಾಕಿದ್ದಳು, ಗಂಡನಿಗೆ ಹೋಗಿ ಏನು ಹೇಳುವುದು? ಕೃಪಾ ಇಬ್ಬರ ಮುಖವನ್ನೂ ನೋಡಿದಳು. ಏನೋ ಕೆಟ್ಟಿದೆ ಅಂತ ಅವಳಿಗೆ ಗೊತ್ತಾಯಿತು. ತಾನು ಓದಿದ್ದು ಸಾಲದಾಯಿತೇನೋ ಅಂದುಕೊಂಡು ಪುಸ್ತಕದ ಮುಂದಿನ ಪುಟ ತಿರುವಿ, ಯಾರೂ ಕೇಳದಿದ್ದರೂ ಮತ್ತೆ ಕೂಡಿಸಿ ಕೂಡಿಸಿ ಓದುವುದಕ್ಕೆ ಶುರುಮಾಡಿದಳು.

ಟೀಚರ್ ಅವಳನ್ನು ತಡೆಯಲಿಲ್ಲ. ಪುಟ ಮುಗಿಯುವವರೆಗೂ ನಿಂತು ಕೇಳಿದರು.

"ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಮನೇಲಿ ಓದಿದೋರೂ ಕಟ್ಟಬಹುದು ಅಂತಾರೆ," ಅಂದರು ಕೊನೆಗೆ. "ನಾನು ವಿಚಾರಿಸ್ತೀನಿ. ಆಗುತ್ತೋ ಇಲ್ವೋ ಹೇಳಕ್ಕಾಗಲ್ಲ."

"ಏಳನೇದು," ಅಂದಳು ಸಮಾಧಾನಮ್ಮ. ತಾನು ಮುಟ್ಟದ ಕ್ಲಾಸು ಅದು. "ನಂಗೇ ಬಾರದ್ದು ನಾನು ಹೆಂಗೆ ಟೀಚರ್..." ಅಷ್ಟಕ್ಕೇ ನಿಂತಿತು ಮಾತು. ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾವುದು ಮೊದಲು ಹೇಳಿಕೊಡ್ಬೇಕು, ಯಾವುದು ಆಮೇಲೆ, ಅದಾದ್ರೂ ಹೇಳಿ. ಈ ಸಲ ಅದು ತಪ್ಪಬಾರದು."

ಟೀಚರ್ ಒಂದು ಹಾಳೆ ಕೊಟ್ಟರು, ಪೆನ್ಸಿಲು ಕೊಟ್ಟರು. ಕೃಪಾ ಅದನ್ನು ಇಸಕೊಂಡು ನೆಲದ ಮೇಲೆ ಬೋರಲಾಗಿ ಮಲಗಿ ಬರೆಯುವುದಕ್ಕೆ ತಯಾರಾದಳು. ಟೀಚರ್ ಮೊದಲನೇ ಪುಸ್ತಕದ ಹೆಸರು ಹೇಳಿದರು. ಅವಳು ಅದನ್ನು ಬರೆಯುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಹುಡುಗಿಯರೆಲ್ಲ ತಟ್ಟೆ ಹಿಡಿದು ಗಲಗಲ ಅಂತ ಕಿಟಕಿ ಮುಂದೆ ಹಾದು ಹೋದರು, ಅಂಗಳ ಖಾಲಿಯಾಯಿತು.

ಕೃಪಾ ತಲೆ ಎತ್ತಿದಳು. ಮಾತ್ರೆಯ ನಿದ್ದೆ ಕಣ್ಣಿಗೆ ಇಳಿಯುತ್ತಿತ್ತು.

"ಆಮೇಲೆ?" ಅಂದಳು.